ಗಂಟು ಕರಗಿದರೆ ಕಾಯಿಲೆ ನಿಲ್ಲುತ್ತದೆಯೇ? ಪಾರ್ಕಿನ್ಸನ್ ಸುದ್ದಿಗಳ ಗೊಂದಲ ಬಿಡಿಸಿ ನೋಡಿದಾಗ

2024ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ರೋಶ್ ಕಂಪನಿ ಒಂದು ಪ್ರಕಟಣೆ ಕೊಟ್ಟಿತು. ಪಾರ್ಕಿನ್ಸನ್ ಕಾಯಿಲೆಗೆಂದು, ಮಿದುಳಿನಲ್ಲಿ ಕಟ್ಟುವ ಪ್ರೋಟೀನ್ ಗಂಟುಗಳನ್ನು ಗುರಿಯಾಗಿಟ್ಟು ಸಿದ್ಧಪಡಿಸಿದ ಪ್ರಾಸಿನೆಜುಮ್ಯಾಬ್ ಎಂಬ ಔಷಧ ಎರಡನೇ ಹಂತದ ಪ್ರಯೋಗದಲ್ಲಿ ಮುಖ್ಯ ಗುರಿ ಮುಟ್ಟಲಿಲ್ಲ ಎಂದಿತು. ಆರು ತಿಂಗಳು ಕಳೆಯಿತು. 2025ರ ಜೂನ್‌ನಲ್ಲಿ ಅದೇ ಕಂಪನಿ, ಅದೇ ಔಷಧವನ್ನು ಮೂರನೇ ಹಂತಕ್ಕೆ ಒಯ್ಯುತ್ತೇವೆ ಎಂದಿತು. ಈ ನಡುವೆ ಫೆಬ್ರವರಿಯಲ್ಲಿ ಬ್ರಿಟನ್ನಿನಿಂದ ಇನ್ನೊಂದು ಸುದ್ದಿ. ಸಕ್ಕರೆ ಕಾಯಿಲೆಗೆ ಕೊಡುವ ಎಕ್ಸೆನಟೈಡ್ ಚುಚ್ಚುಮದ್ದು ಪಾರ್ಕಿನ್ಸನ್ ಅನ್ನು ನಿಧಾನಗೊಳಿಸಬಹುದು ಎಂಬ ನಿರೀಕ್ಷೆ ಹುಸಿಯಾಗಿತ್ತು. ಏಪ್ರಿಲ್‌ನಲ್ಲಿ ಮತ್ತೊಂದು. ಪ್ರಯೋಗಾಲಯದಲ್ಲಿ ಬೆಳೆಸಿದ ನರಕೋಶಗಳನ್ನು ಜಪಾನ್ ಮತ್ತು ಉತ್ತರ ಅಮೆರಿಕದಲ್ಲಿ ರೋಗಿಗಳ ಮಿದುಳಿಗೆ ಕಸಿ ಮಾಡಿದ್ದರು, ಅವು ಬದುಕಿದ್ದವು.

ಮನೆಯಲ್ಲಿ ಪಾರ್ಕಿನ್ಸನ್ ಇರುವವರಿಗೆ ಇಂಥ ಸುದ್ದಿಗಳನ್ನು ಓದುವುದೇ ಹಿಂಸೆ. ಒಂದು ತಿಂಗಳು ಆಸೆ, ಇನ್ನೊಂದು ತಿಂಗಳು ನಿರಾಸೆ. ಗುರಿ ಮುಟ್ಟದ ಔಷಧ ಮುಂದಕ್ಕೆ ಹೇಗೆ ಹೋಯಿತು? ಹೊಸ ಕೋಶ ಬದುಕುತ್ತವೆ ಎಂದ ಮೇಲೆ ಕಾಯಿಲೆ ಗುಣವಾಯಿತು ಎಂದು ಯಾಕೆ ಯಾರೂ ಹೇಳುತ್ತಿಲ್ಲ?

ಉತ್ತರ ಬೇಕೆಂದರೆ ಜೀವಕೋಶದ ಒಳಗೆ ಇಳಿಯಬೇಕು. ನರಕೋಶಗಳು ಸಾಯುವುದರಿಂದ ಪಾರ್ಕಿನ್ಸನ್ ಬರುತ್ತದೆ ಎಂದು ಎಲ್ಲ ಕಡೆ ಓದಿರುತ್ತೇವೆ. ಅದು ನಿಜ. ಆದರೆ ಕೋಶ ಸಾಯುವುದಕ್ಕೆ ಎಷ್ಟೋ ಮೊದಲೇ ಅದು ಪಕ್ಕದ ಕೋಶದೊಂದಿಗೆ ಆಡುವ ಮಾತು ಕೆಟ್ಟಿರುತ್ತದೆ. ಈ ಕಾಲದ ಅಂತರವನ್ನು ಗಮನದಲ್ಲಿ ಇಟ್ಟುಕೊಂಡರೆ ಮೇಲಿನ ಸುದ್ದಿಗಳಲ್ಲಿ ಬಹುಪಾಲು ಅರ್ಥವಾಗುತ್ತವೆ.

ಸರ್ಪಗಂಧ ಮತ್ತು ಎದ್ದು ಓಡಿದ ಮೊಲ

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯ ಬಗ್ಗೆ ಬರೆದಾಗ ಅವರ ಕೈಯಲ್ಲಿದ್ದದ್ದು ಆರು ಜನರ ವಿವರ ಮಾತ್ರ. ಮಿದುಳಿನಲ್ಲಿ ಏನು ಕಡಿಮೆಯಾಗಿದೆ ಎಂದು ತಿಳಿಯಲು ಇನ್ನೂ 140 ವರ್ಷ ಬೇಕಾಯಿತು.

ಆ ತಿಳಿವಿನಲ್ಲಿ ನಮ್ಮ ಸರ್ಪಗಂಧದ ಪಾಲಿದೆ. ಅದರ ಬೇರಿನಿಂದ ತೆಗೆದ ರೆಸರ್ಪಿನ್ ಎಂಬ ಔಷಧವನ್ನು 1950ರ ದಶಕದಲ್ಲಿ ರಕ್ತದೊತ್ತಡಕ್ಕೂ ಮಾನಸಿಕ ಕಾಯಿಲೆಗೂ ಕೊಡುತ್ತಿದ್ದರು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಅದನ್ನು ಮೊಲಗಳಿಗೆ ಕೊಟ್ಟು ನೋಡಿದರು. ಮೊಲಗಳು ಅಲ್ಲಾಡದೆ ಕುಳಿತುಬಿಟ್ಟವು. ಆಮೇಲೆ ಲೆವೊಡೋಪಾ ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ಅವು ಎದ್ದು ಓಡಾಡಿದವು. ಲೆವೊಡೋಪಾ ಎಂದರೆ ಮಿದುಳು ಡೋಪಮೈನ್ ತಯಾರಿಸಲು ಬಳಸುವ ಕಚ್ಚಾ ವಸ್ತು. ಡೋಪಮೈನ್ ಕುರಿತ ಈ ಶೋಧಕ್ಕೆ ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಬಂತು. 1960ರಲ್ಲಿ ವಿಯೆನ್ನಾದ ಓಲೆ ಹಾರ್ನಿಕೀವಿಚ್ ಮೃತ ರೋಗಿಗಳ ಮಿದುಳನ್ನು ಪರೀಕ್ಷಿಸಿ, ಪಾರ್ಕಿನ್ಸನ್‌ನಲ್ಲಿ ಡೋಪಮೈನ್ ಬತ್ತಿಹೋಗಿರುತ್ತದೆ ಎಂದು ತೋರಿಸಿದರು.

ಕಾರ್ಲ್‌ಸನ್ ಅವರ ಮೊಲಗಳಲ್ಲಿ ಒಂದು ವಿಷಯ ಗಮನಿಸಬೇಕು. ಅವುಗಳ ನರಕೋಶಗಳು ಸತ್ತಿರಲಿಲ್ಲ. ಡೋಪಮೈನ್ ಅನ್ನು ಸಣ್ಣ ಚೀಲಗಳಲ್ಲಿ ತುಂಬುವ ಕೆಲಸವನ್ನು ರೆಸರ್ಪಿನ್ ತಡೆದಿತ್ತು, ಅಷ್ಟೇ. ಕೋಶ ಜೀವಂತವಾಗಿತ್ತು, ಹೇಳಬೇಕಾದ ಮಾತು ಮಾತ್ರ ಹೊರಗೆ ಬರುತ್ತಿರಲಿಲ್ಲ. ದೇಹ ಮರಗಟ್ಟಲು ಅಷ್ಟು ಸಾಕಾಯಿತು.

ಎರಡು ಕೋಶಗಳ ನಡುವಿನ ಮಾತು

ಮಿದುಳಿನ ಬುಡದಲ್ಲಿ, ಎರಡೂ ಬದಿಗೆ, ಕಪ್ಪಗೆ ಕಾಣುವ ಒಂದು ಪುಟ್ಟ ಜಾಗವಿದೆ. ಹೆಸರು ಸಬ್‌ಸ್ಟಾನ್ಷಿಯಾ ನೈಗ್ರಾ. ಕಪ್ಪು ವಸ್ತು ಎಂದೇ ಅದರ ಅರ್ಥ. ಇಲ್ಲಿನ ಡೋಪಮೈನ್ ಕೋಶಗಳು ಉದ್ದನೆಯ ಎಳೆಗಳನ್ನು ಸ್ಟ್ರಯೇಟಮ್ ಎಂಬ ಭಾಗಕ್ಕೆ ಚಾಚಿರುತ್ತವೆ. ಎಳೆಯ ತುದಿಗೂ ಮುಂದಿನ ಕೋಶಕ್ಕೂ ನಡುವೆ ಸೂಕ್ಷ್ಮವಾದ ಸಂದು ಇರುತ್ತದೆ. ಈ ಸಂಧಿಸ್ಥಾನವೇ ಸೈನಾಪ್ಸ್.

ಕೋಶದಲ್ಲಿ ವಿದ್ಯುತ್ ಮಿಡಿತ ಬಂದಾಗ ತುದಿಯಲ್ಲಿರುವ ಚೀಲಗಳು ಹೊರಪೊರೆಗೆ ಅಂಟಿ ಬಾಯಿ ಬಿಡುತ್ತವೆ. ಡೋಪಮೈನ್ ಸಂದಿಗೆ ಸುರಿಯುತ್ತದೆ. ಎದುರು ಕೋಶದ ಮೇಲಿನ ಗ್ರಾಹಕಗಳು ಅದನ್ನು ಹಿಡಿಯುತ್ತವೆ. ಉಳಿದದ್ದನ್ನು ಮೊದಲ ಕೋಶ ವಾಪಸ್ ಹೀರಿಕೊಂಡು ಮತ್ತೆ ಚೀಲಕ್ಕೆ ತುಂಬುತ್ತದೆ. ಈ ಚಕ್ರ ದಿನವಿಡೀ ತಿರುಗುತ್ತಲೇ ಇರುತ್ತದೆ.

ಎದುರಿನ ಕೋಶಗಳಲ್ಲಿ ಎರಡು ಮುಖ್ಯ ಗುಂಪುಗಳಿವೆ. ಒಂದರಲ್ಲಿ ಡಿ1 ಗ್ರಾಹಕ, ಇನ್ನೊಂದರಲ್ಲಿ ಡಿ2 ಗ್ರಾಹಕ. ಮೊದಲನೆಯದು ಚಲನೆಗೆ ದಾರಿ ಬಿಡುತ್ತದೆ, ಎರಡನೆಯದು ಚಲನೆಯನ್ನು ತಡೆಯುತ್ತದೆ. ಡೋಪಮೈನ್ ಬಂದರೆ ಮೊದಲ ಗುಂಪು ಚುರುಕಾಗುತ್ತದೆ, ಎರಡನೆಯದು ಸುಮ್ಮನಾಗುತ್ತದೆ. ಡೋಪಮೈನ್ ಕಡಿಮೆಯಾದರೆ ಇದು ತಿರುಗುಮುರುಗಾಗುತ್ತದೆ. ದಾರಿ ಬಿಡುವವರು ಮಂಕಾಗುತ್ತಾರೆ, ತಡೆಯುವವರು ಬಲವಾಗುತ್ತಾರೆ. ರೋಗಿಗೆ ಕುರ್ಚಿಯಿಂದ ಏಳುವ ಮನಸ್ಸಿದೆ, ಸ್ನಾಯುವಿನಲ್ಲಿ ಶಕ್ತಿಯೂ ಇದೆ. ಆದರೂ ಏಳಲು ಹೊತ್ತು ಹಿಡಿಯುತ್ತದೆ. ಅಂಗಿಯ ಗುಂಡಿ ಹಾಕಲು ಕಷ್ಟ, ಅಕ್ಷರ ಸಣ್ಣದಾಗುತ್ತಾ ಹೋಗುತ್ತದೆ, ಮುಖದ ಮೇಲಿನ ಭಾವ ಕಡಿಮೆಯಾಗುತ್ತದೆ. ಎಷ್ಟೋ ಮನೆಗಳಲ್ಲಿ ಇದನ್ನು ಸೋಮಾರಿತನ, ಬೇಸರ, ವಯಸ್ಸು ಎಂದುಕೊಳ್ಳುತ್ತಾರೆ. ಹಾಗೆ ಅಂದುಕೊಂಡು ಗದರಿಸುವುದು ಆ ಹಿರಿಯರಿಗೆ ಮಾಡುವ ದೊಡ್ಡ ಅನ್ಯಾಯ. ಈ ಎರಡು ದಾರಿಗಳ ಲೆಕ್ಕ ನಿಧಾನಗತಿಯನ್ನು ಚೆನ್ನಾಗಿ ವಿವರಿಸುತ್ತದೆ. ನಡುಕಕ್ಕೆ ಇದೊಂದೇ ಸಾಲದು, ಅದರಲ್ಲಿ ಮಿದುಳಿನ ಬೇರೆ ಜಾಲಗಳೂ ಸೇರಿಕೊಳ್ಳುತ್ತವೆ.

ಲೆವೊಡೋಪಾ ಮಾತ್ರೆ ಮಾಡುವುದು ಏನು? ನಮ್ಮಲ್ಲಿ ಸಿಂಡೋಪಾ ಎಂಬ ಹೆಸರಿನಲ್ಲಿ ಬಹಳ ಜನಕ್ಕೆ ಗೊತ್ತಿರುವ ಮಾತ್ರೆ ಇದೇ. ಕೆರೆ ಬತ್ತಿದ ಊರಿಗೆ ಟ್ಯಾಂಕರ್ ನೀರು ತರಿಸಿದಂತೆ ಎನ್ನಬಹುದು. ಟ್ಯಾಂಕರ್ ಬಂದಾಗ ಮನೆಮನೆಗೆ ನೀರು, ಹೋದ ಮೇಲೆ ಮತ್ತೆ ಬರ. ಶುರುವಿನ ವರ್ಷಗಳಲ್ಲಿ ಕೆರೆಯಲ್ಲಿ ಒಂದಿಷ್ಟು ನೀರು ಉಳಿದಿರುತ್ತದೆ, ಹಾಗಾಗಿ ಏರುಪೇರು ಗೊತ್ತಾಗುವುದಿಲ್ಲ. ಡೋಪಮೈನ್ ಕೂಡಿಡುವ ತುದಿಗಳು ಕಡಿಮೆಯಾದಂತೆ ಮಾತ್ರೆಯ ಪರಿಣಾಮ ಬೇಗ ಇಳಿಯುತ್ತದೆ. ಕೆಲವೊಮ್ಮೆ ಜಾಸ್ತಿಯಾಗಿ ಕೈಕಾಲು ತಾವಾಗಿಯೇ ತಿರುಚಿಕೊಳ್ಳುತ್ತವೆ. ಬೇಳೆ, ಮೊಟ್ಟೆ, ಮಾಂಸ ಜಾಸ್ತಿ ಇರುವ ಊಟದ ಜೊತೆ ಮಾತ್ರೆ ತೆಗೆದುಕೊಂಡರೆ ಕೆಲಸ ಮಾಡದೆ ಹೋಗುವುದಕ್ಕೂ ಕಾರಣವಿದೆ. ಪ್ರೋಟೀನಿನಿಂದ ಬರುವ ಅಮೈನೋ ಆಮ್ಲಗಳು ಮತ್ತು ಲೆವೊಡೋಪಾ ಒಂದೇ ಬಾಗಿಲಿನಿಂದ ಕರುಳನ್ನೂ ಮಿದುಳಿನ ತಡೆಯನ್ನೂ ದಾಟಬೇಕು. ಅಲ್ಲಿ ನೂಕುನುಗ್ಗಲು ಆಗುತ್ತದೆ.

ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜದಲ್ಲೂ ಲೆವೊಡೋಪಾ ಇದೆ. 1937ರಲ್ಲೇ ಭಾರತೀಯ ವಿಜ್ಞಾನಿಗಳು ಅದನ್ನು ಬೇರ್ಪಡಿಸಿದ್ದರು. ಆದರೆ ಪುಡಿಯಿಂದ ಪುಡಿಗೆ ಪ್ರಮಾಣ ಬದಲಾಗುತ್ತದೆ. ವೈದ್ಯರಿಗೆ ಹೇಳದೆ ಮಾತ್ರೆಯ ಜೊತೆ ಅದನ್ನೂ ಸೇರಿಸಿಕೊಂಡರೆ ಅಪಾಯ.

ಇದೇ ಕೋಶಗಳಿಗೆ ಯಾಕೆ ಪೆಟ್ಟು?

ಮಿದುಳಿನಲ್ಲಿ ಸಾವಿರಾರು ಕೋಟಿ ನರಕೋಶಗಳಿವೆ. ಸಬ್‌ಸ್ಟಾನ್ಷಿಯಾ ನೈಗ್ರಾದ ಡೋಪಮೈನ್ ಕೋಶಗಳು ಕೆಲವೇ ಲಕ್ಷ. ಇವುಗಳ ಬದುಕೇ ಭಾರಿ ದುಬಾರಿಯದು. ಮನುಷ್ಯರಲ್ಲಿ ಇಂಥ ಒಂದೊಂದು ಕೋಶವೂ ಹತ್ತು ಲಕ್ಷಕ್ಕೂ ಹೆಚ್ಚು ಸೈನಾಪ್ಸ್ ಮಾಡುತ್ತದೆ ಎಂದು ಅಂದಾಜು. ಅದರ ಕವಲುಗಳನ್ನೆಲ್ಲ ಒಂದಕ್ಕೊಂದು ಜೋಡಿಸಿದರೆ ನಾಲ್ಕು ಮೀಟರ್ ದಾಟುತ್ತದಂತೆ. ಕಣ್ಣಿಗೇ ಕಾಣದ ಒಂದು ಕೋಶ ಇಷ್ಟು ಹರಡಿಕೊಂಡು, ಪ್ರತಿ ತುದಿಗೂ ಶಕ್ತಿ ಸಾಗಿಸಬೇಕು. ಸಾಲದ್ದಕ್ಕೆ ಇವು ಯಾರೂ ಹೇಳದಿದ್ದರೂ ಸೆಕೆಂಡಿಗೆ ಕೆಲವು ಸಲ ತಾವೇ ಮಿಡಿಯುತ್ತಿರುತ್ತವೆ. ಪ್ರತಿ ಮಿಡಿತಕ್ಕೂ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಅದನ್ನು ಹೊರದಬ್ಬಲು ಮತ್ತೆ ಶಕ್ತಿ ಬೇಕು. ಚೀಲದ ಹೊರಗೆ ಉಳಿದ ಡೋಪಮೈನ್ ತಾನೇ ಕೆಟ್ಟು ವಿಷಕಾರಿಯಾಗುತ್ತದೆ. ಆ ಭಾಗ ಕಪ್ಪಗಿರುವುದೂ ಹೀಗೆ ಕೆಟ್ಟ ಡೋಪಮೈನ್‌ನಿಂದ ಹುಟ್ಟಿದ ಬಣ್ಣದಿಂದಲೇ.

ಶಕ್ತಿ ಕೊಡುವ ಮೈಟೊಕಾಂಡ್ರಿಯಾಕ್ಕೆ ತೊಂದರೆಯಾದರೆ ಮೊದಲು ನೆಲಕಚ್ಚುವುದು ಇಂಥ ಕೋಶಗಳೇ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದು ದಾರುಣವಾಗಿ ಕಂಡಿತು. ಕದ್ದು ತಯಾರಿಸಿದ ಮಾದಕ ವಸ್ತುವನ್ನು ಚುಚ್ಚಿಕೊಂಡ ಕೆಲವು ಯುವಜನರು ದಿನಗಳಲ್ಲೇ ಮರಗಟ್ಟಿಹೋದರು. ನರರೋಗ ತಜ್ಞ ವಿಲಿಯಂ ಲ್ಯಾಂಗ್‌ಸ್ಟನ್ ಅದರಲ್ಲಿ ಎಂಪಿಟಿಪಿ ಎಂಬ ಕಲ್ಮಶ ಬೆರೆತಿದ್ದನ್ನು ಪತ್ತೆಹಚ್ಚಿದರು. ಡೋಪಮೈನ್ ವಾಪಸ್ ಹೀರುವ ಬಾಗಿಲಿನಿಂದಲೇ ಅದರ ವಿಷರೂಪ ಕೋಶದೊಳಗೆ ನುಗ್ಗಿ, ಮೈಟೊಕಾಂಡ್ರಿಯಾದ ಶಕ್ತಿ ತಯಾರಿಯ ಮೊದಲ ಹಂತವನ್ನೇ ನಿಲ್ಲಿಸುತ್ತಿತ್ತು. ಕೋಶದ ಮಾತಿಗೆ ಇದ್ದ ಬಾಗಿಲೇ ವಿಷಕ್ಕೂ ದಾರಿಯಾಯಿತು.

ಕೀಟನಾಶಕ, ಕಳೆನಾಶಕಗಳ ಮೇಲೆ ಅನುಮಾನ ಬಲವಾದದ್ದು ಇದರಿಂದ. ಪ್ಯಾರಾಕ್ವಾಟ್ ಕಳೆನಾಶಕದ ರಾಸಾಯನಿಕ ರಚನೆ ಎಂಪಿಟಿಪಿಯ ವಿಷರೂಪವನ್ನು ಹೋಲುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ ಅದು 2007ರಿಂದ ಇಲ್ಲ. ಅಮೆರಿಕದ ಕೋರ್ಟುಗಳಲ್ಲಿ ಅದರ ಮೇಲೆ ಸಾವಿರಾರು ದಾವೆಗಳಾಗಿವೆ. ಪಾರ್ಕಿನ್ಸನ್‌ಗೆ ಅದೇ ಕಾರಣ ಎಂಬುದನ್ನು ತಯಾರಕರು ಒಪ್ಪುವುದಿಲ್ಲ. ನಮ್ಮ ಹೊಲಗಳಲ್ಲೂ ಬಳಕೆಯಾದ ರಾಸಾಯನಿಕ ಇದು. ಮಾಸ್ಕ್, ಕೈಗವಸು ಇಲ್ಲದೆ ಸಿಂಪಡಿಸುವ ರೈತರನ್ನು ನೆನೆದರೆ, ವಾದ ಮುಗಿಯುವ ತನಕ ಎಚ್ಚರಿಕೆ ಬೇಡ ಎನ್ನಲು ಮನಸ್ಸು ಬರುವುದಿಲ್ಲ.

ಹೆಪ್ಪು ಹಾಕುವ ಪ್ರೋಟೀನ್

1912ರಲ್ಲಿ ಫ್ರೆಡರಿಕ್ ಲೂಯಿ ಎಂಬ ವಿಜ್ಞಾನಿ ಪಾರ್ಕಿನ್ಸನ್ ರೋಗಿಗಳ ನರಕೋಶಗಳ ಒಳಗೆ ದುಂಡನೆಯ ಗಂಟುಗಳನ್ನು ಕಂಡರು. ಅವಕ್ಕೆ ಲೂಯಿ ಬಾಡಿ ಎಂಬ ಹೆಸರು ಉಳಿಯಿತು. ಗಂಟಿನೊಳಗೆ ಏನಿದೆ ಎಂಬ ಸುಳಿವು ಸಿಕ್ಕಿದ್ದು 1997ರಲ್ಲಿ. ಇಟಲಿಯ ಕಾಂಟುರ್ಸಿ ಎಂಬ ಊರಿನ ಮೂಲದ ಒಂದು ದೊಡ್ಡ ಕುಟುಂಬದಲ್ಲಿ ಪಾರ್ಕಿನ್ಸನ್ ತಲೆಮಾರಿನಿಂದ ತಲೆಮಾರಿಗೆ ಬರುತ್ತಿತ್ತು. ಅವರಲ್ಲಿ ಒಂದೇ ಒಂದು ಜೀನ್ ತಪ್ಪಾಗಿತ್ತು. ಆ ಜೀನ್ ತಯಾರಿಸುವ ಪ್ರೋಟೀನ್ ಆಲ್ಫಾ-ಸೈನ್ಯೂಕ್ಲಿನ್. ಅದರ 140 ಕೊಂಡಿಗಳಲ್ಲಿ 53ನೆಯದು ಬದಲಾಗಿತ್ತು. ಅದೇ ವರ್ಷ ಇನ್ನೊಂದು ತಂಡ, ಸಾಮಾನ್ಯ ರೋಗಿಗಳ ಲೂಯಿ ಬಾಡಿಯಲ್ಲೂ ಇದೇ ಪ್ರೋಟೀನ್ ತುಂಬಿದೆ ಎಂದು ತೋರಿಸಿತು. 2003ರಲ್ಲಿ ಇನ್ನೊಂದು ಕುಟುಂಬ ಸಿಕ್ಕಿತು. ಅಲ್ಲಿ ಪ್ರೋಟೀನಿನಲ್ಲಿ ತಪ್ಪೇ ಇರಲಿಲ್ಲ. ಆ ಜೀನ್‌ನ ಪ್ರತಿಗಳು ಹೆಚ್ಚಾಗಿದ್ದವು, ಪ್ರೋಟೀನ್ ಜಾಸ್ತಿ ತಯಾರಾಗುತ್ತಿತ್ತು. ಅಷ್ಟಕ್ಕೇ ಕಾಯಿಲೆ ಬಂದಿತ್ತು.

ಈ ಪ್ರೋಟೀನ್ ಹುಟ್ಟಾ ಕೆಟ್ಟದ್ದೇನಲ್ಲ. ಸೈನಾಪ್ಸ್ ತುದಿಯಲ್ಲಿ ಕುಳಿತು, ಡೋಪಮೈನ್ ಚೀಲಗಳು ಪೊರೆಗೆ ಅಂಟಿ ಬಾಯಿ ಬಿಡುವ ಕೆಲಸಕ್ಕೆ ನೆರವಾಗುತ್ತದೆ. ಅಂದರೆ ಮಾತು ನಡೆಸಿಕೊಡುವ ಪ್ರೋಟೀನೇ ಗಂಟು ಕಟ್ಟುತ್ತದೆ. ಇಡೀ ಕಾಯಿಲೆಯ ತಿರುವು ಇಲ್ಲಿದೆ.

ಗಂಟು ಕಟ್ಟುವುದು ಹೇಗೆ? ಹಾಲಿಗೆ ಹೆಪ್ಪು ಹಾಕುವುದನ್ನು ನೆನೆಯಿರಿ. ಒಂದು ಚಮಚ ಮೊಸರು ಪಾತ್ರೆ ಹಾಲನ್ನೆಲ್ಲ ಮೊಸರು ಮಾಡುತ್ತದೆ. ತಪ್ಪಾಗಿ ಮಡಚಿದ ಸೈನ್ಯೂಕ್ಲಿನ್ ಹಾಗೇ ವರ್ತಿಸುತ್ತದೆ. ಸರಿಯಾಗಿದ್ದ ಪ್ರೋಟೀನನ್ನು ತಾಗಿದರೆ ಅದೂ ತಪ್ಪಾಗಿ ಮಡಚಿಕೊಳ್ಳುತ್ತದೆ, ಎಳೆಯಾಗಿ ಸೇರಿಕೊಳ್ಳುತ್ತದೆ. ಒಂದು ವ್ಯತ್ಯಾಸವಿದೆ. ಮೊಸರಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತವೆ. ಇಲ್ಲಿ ಜೀವ ಇರುವ ಯಾವುದೂ ಇಲ್ಲ, ಆಕಾರ ಮಾತ್ರ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ.

ಈ ಹೆಪ್ಪು ಕೋಶದಿಂದ ಕೋಶಕ್ಕೂ ದಾಟುತ್ತದೆ ಎಂಬ ಶಂಕೆ 2008ರಲ್ಲಿ ಗಟ್ಟಿಯಾಯಿತು. ಒಂದು ದಶಕಕ್ಕೂ ಹಿಂದೆ ಕೆಲವು ರೋಗಿಗಳ ಮಿದುಳಿಗೆ ಭ್ರೂಣದ ನರಕೋಶಗಳನ್ನು ಕಸಿ ಮಾಡಿದ್ದರು. ಅವರು ತೀರಿಕೊಂಡ ಮೇಲೆ ನೋಡಿದರೆ, ಆ ಎಳೆಯ ಕೋಶಗಳಲ್ಲೂ ಲೂಯಿ ಬಾಡಿ ಇದ್ದವು. ಹದಿನೈದು ವರ್ಷ ಆಸುಪಾಸಿನ ಕೋಶಕ್ಕೆ ಮುಪ್ಪಿನ ಕಾಯಿಲೆ ಎಲ್ಲಿಂದ ಬಂತು? ಪಕ್ಕದ ಹಳೆಯ ಕೋಶಗಳಿಂದ ದಾಟಿರಬೇಕು ಎಂಬುದೇ ಬಹುತೇಕರ ಓದು. 2012ರಲ್ಲಿ ಅಮೆರಿಕದ ವಿಜ್ಞಾನಿಗಳು ಕೃತಕವಾಗಿ ಮಾಡಿದ ಸೈನ್ಯೂಕ್ಲಿನ್ ಎಳೆಗಳನ್ನು ಆರೋಗ್ಯವಂತ ಇಲಿಗಳ ಮಿದುಳಿಗೆ ಚುಚ್ಚಿದರು. ಗಂಟುಗಳು ಹರಡಿದವು, ಡೋಪಮೈನ್ ಕೋಶಗಳು ಸತ್ತವು.

ದಾಟುವ ದಾರಿ ಯಾವುದು? ಕೋಶಗಳು ಪರಸ್ಪರ ಮಾತಾಡುವ ದಾರಿಗಳೇ. ಸೈನಾಪ್ಸ್‌ನಿಂದ ಹೊರಬಿದ್ದು ಪಕ್ಕದ ಕೋಶ ನುಂಗಬಹುದು. ಕೋಶಗಳು ಹೊರಹಾಕುವ ಎಕ್ಸೊಸೋಮ್ ಎಂಬ ಪುಟ್ಟ ಗುಳ್ಳೆಗಳಲ್ಲಿ ಕೂತು ಹೋಗಬಹುದು. ಹೊರಗೆ ಬಿದ್ದ ಗಂಟನ್ನು ಮಿದುಳಿನ ಕಾವಲು ಕೋಶಗಳಾದ ಮೈಕ್ರೊಗ್ಲಿಯಾ ಗುರುತಿಸಿ ಉರಿಯೂತದ ಸಂದೇಶ ಹೊರಡಿಸುತ್ತವೆ. ಅದು ತುಂಬಾ ದಿನ ನಡೆದರೆ ಕಾಪಾಡಬೇಕಾದವೇ ಹಾನಿ ಮಾಡುತ್ತವೆ.

ಜರ್ಮನಿಯ ಹೈಕೊ ಬ್ರಾಕ್ ತಂಡ 2003ರಲ್ಲಿ ಒಂದು ಊಹೆ ಮುಂದಿಟ್ಟಿತು. ಗಂಟುಗಳು ಮೊದಲು ವಾಸನೆಯ ನರಗಳಲ್ಲಿ ಮತ್ತು ಹೊಟ್ಟೆಗೆ ಹೋಗುವ ನರದ ಬುಡದಲ್ಲಿ ಕಾಣಿಸಿ, ಆಮೇಲೆ ಮೇಲಕ್ಕೆ ಹತ್ತುತ್ತವೆ ಎಂದು. ಪಾರ್ಕಿನ್ಸನ್ ಕರುಳಿನಿಂದ ಶುರು ಎಂಬ ಸುದ್ದಿಗಳ ಮೂಲ ಇದು. ನಡುಕ ಬರುವ ಎಷ್ಟೋ ವರ್ಷ ಮೊದಲು ಮಲಬದ್ಧತೆ, ವಾಸನೆ ತಿಳಿಯದಿರುವುದು, ಕನಸಿನಲ್ಲಿ ಕಂಡಂತೆ ಕೈಕಾಲು ಬೀಸುವುದು ಬಹಳ ಜನರಲ್ಲಿ ಕಾಣುತ್ತದೆ. ಅದಕ್ಕೆ ಈ ಊಹೆ ಹೊಂದುತ್ತದೆ. ಎಲ್ಲ ರೋಗಿಗಳಿಗೂ ಹೊಂದುವುದಿಲ್ಲ. ಕೆಲವರಲ್ಲಿ ದೇಹದಿಂದ, ಕೆಲವರಲ್ಲಿ ಮಿದುಳಿನಿಂದ ಶುರುವಾಗುತ್ತದೆ ಎಂದು ಡೆನ್ಮಾರ್ಕಿನ ಸಂಶೋಧಕರು ಈಗ ವಾದಿಸುತ್ತಿದ್ದಾರೆ. ಹಾಗಂತ ಮಲಬದ್ಧತೆ ಇದ್ದವರೆಲ್ಲ ಹೆದರಬೇಕಿಲ್ಲ. ಅದು ಯಾರಿಗೆ ಬರುವುದಿಲ್ಲ ಹೇಳಿ?

ಕಸ ತೆಗೆಯುವ ವ್ಯವಸ್ಥೆ ಕೆಟ್ಟಾಗ

ಇನ್ನೂ ಕೆಲವು ಜೀನ್‌ಗಳು ಬೇರೆಯದೇ ದಿಕ್ಕು ತೋರಿಸುತ್ತವೆ. ಕೆಟ್ಟ ಮೈಟೊಕಾಂಡ್ರಿಯಾವನ್ನು ಗುರುತು ಹಾಕಿ ಹೊರಹಾಕಲು ಪಿಂಕ್1 ಮತ್ತು ಪಾರ್ಕಿನ್ ಎಂಬ ಎರಡು ಪ್ರೋಟೀನ್‌ಗಳು ಜೊತೆಯಾಗಿ ದುಡಿಯುತ್ತವೆ. ಮೈಟೊಕಾಂಡ್ರಿಯಾ ಚೆನ್ನಾಗಿದ್ದರೆ ಪಿಂಕ್1 ಒಳಗೆ ಹೋಗಿ ನಾಶವಾಗುತ್ತದೆ. ಕೆಟ್ಟಿದ್ದರೆ ಒಳಗೆ ಹೋಗಲಾರದೆ ಮೇಲೆಯೇ ಗುಂಪುಗೂಡುತ್ತದೆ, ಪಾರ್ಕಿನ್ ಅನ್ನು ಎಬ್ಬಿಸುತ್ತದೆ. ಪಾರ್ಕಿನ್ ಆ ಮೈಟೊಕಾಂಡ್ರಿಯಾಕ್ಕೆ ವಿಲೇವಾರಿ ಚೀಟಿ ಅಂಟಿಸುತ್ತದೆ. ಈ ಜೀನ್‌ಗಳು ಕೆಟ್ಟವರಿಗೆ ನಲವತ್ತು ತುಂಬುವ ಮೊದಲೇ ಪಾರ್ಕಿನ್ಸನ್ ಬರಬಹುದು.

ಜಿಬಿಎ1 ಜೀನ್ ಕೋಶದ ಕಸದ ತೊಟ್ಟಿಯಾದ ಲೈಸೋಸೋಮ್‌ನಲ್ಲಿ ಕೊಬ್ಬಿನ ವಸ್ತುವನ್ನು ಒಡೆಯುವ ಕಿಣ್ವಕ್ಕೆ ಸಂಬಂಧಿಸಿದ್ದು. ಕಿಣ್ವ ಸೋತರೆ ಸೈನ್ಯೂಕ್ಲಿನ್ ಕೂಡ ಕರಗದೆ ಉಳಿಯುತ್ತದೆ, ಉಳಿದ ಸೈನ್ಯೂಕ್ಲಿನ್ ಕಿಣ್ವವನ್ನು ಇನ್ನಷ್ಟು ತಡೆಯುತ್ತದೆ. ಎಲ್‌ಆರ್‌ಆರ್‌ಕೆ2 ಎಂಬ ಇನ್ನೊಂದು ಜೀನ್, ಕೋಶದೊಳಗೆ ಚೀಲಗಳ ಸಾಗಾಟ ನೋಡಿಕೊಳ್ಳುವ ಪ್ರೋಟೀನ್‌ಗಳನ್ನು ನಿಯಂತ್ರಿಸುತ್ತದೆ.

ಶಕ್ತಿ ಕಡಿಮೆಯಾದರೆ ಚೀಲ ತುಂಬುವುದು ನಿಲ್ಲುತ್ತದೆ. ಸಾಗಾಟ ಕೆಟ್ಟರೆ ಚೀಲ ತುದಿಗೆ ತಲುಪುವುದಿಲ್ಲ. ಕಸ ಉಳಿದರೆ ಪ್ರೋಟೀನ್ ಗಂಟು ಕಟ್ಟುತ್ತದೆ. ಯಾವ ಕಡೆಯಿಂದ ಶುರುವಾದರೂ ಪೆಟ್ಟು ಬೀಳುವುದು ಸೈನಾಪ್ಸ್‌ಗೆ. ಲಕ್ಷಣ ಕಾಣುವ ಹೊತ್ತಿಗೆ ಕೋಶಗಳಿಗಿಂತ ಅವುಗಳ ತುದಿಗಳೇ ಹೆಚ್ಚು ನಷ್ಟವಾಗಿರುವುದು ಇದಕ್ಕೆ ತಾಳೆಯಾಗುತ್ತದೆ.

ಗಂಟು ಅಪರಾಧಿಯೋ, ಸಾಕ್ಷಿಯೋ?

ಗಂಟೇ ಅಪರಾಧಿ ಎನ್ನುವವರ ಪುರಾವೆ ಮೇಲೆ ಬಂತು: ಜೀನ್‌ನ ಪ್ರತಿಗಳು ಹೆಚ್ಚಾದ ಕುಟುಂಬ, ಕಸಿಯಾದ ಕೋಶಗಳು, ಇಲಿಗಳ ಪ್ರಯೋಗ. ಗಂಟನ್ನು ತೆಗೆದರೆ ಕಾಯಿಲೆ ನಿಲ್ಲಬೇಕು ಎಂಬುದು ಅವರ ಲೆಕ್ಕ.

ಎದುರು ಪಕ್ಷದ ವಾದವೂ ಹಗುರವಾಗಿಲ್ಲ. ಪಾರ್ಕಿನ್ ಜೀನ್ ಕೆಟ್ಟ ಎಷ್ಟೋ ರೋಗಿಗಳ ಮಿದುಳಿನಲ್ಲಿ ಲೂಯಿ ಬಾಡಿಯೇ ಇರುವುದಿಲ್ಲ, ಆದರೂ ಡೋಪಮೈನ್ ಕೋಶ ಸತ್ತಿರುತ್ತವೆ. ಬದುಕಿದ್ದಾಗ ಯಾವ ಲಕ್ಷಣವೂ ಇಲ್ಲದ ಕೆಲವು ಹಿರಿಯರ ಮಿದುಳಿನಲ್ಲಿ ಲೂಯಿ ಬಾಡಿ ಸಿಗುತ್ತವೆ. 2019ರಲ್ಲಿ ಬಲವಾದ ಸೂಕ್ಷ್ಮದರ್ಶಕದಿಂದ ನೋಡಿದಾಗ ಹೆಚ್ಚಿನ ಲೂಯಿ ಬಾಡಿಗಳಲ್ಲಿ ಪ್ರೋಟೀನ್ ಎಳೆಗಳಿಗಿಂತ ಚೀಲಗಳ, ಮೈಟೊಕಾಂಡ್ರಿಯಾಗಳ ಮುರಿದ ಪೊರೆಗಳೇ ತುಂಬಿದ್ದವು. ಅಪಾಯಕಾರಿ ಕಸವನ್ನು ಒಂದು ಮೂಲೆಗೆ ಸೇರಿಸಿ ಕೋಶ ತನ್ನನ್ನು ಕಾಪಾಡಿಕೊಳ್ಳುತ್ತಿದೆ ಎಂದೂ ಇದನ್ನು ಓದಬಹುದು. ಮೂರನೆಯ ವಾದವೊಂದಿದೆ. ಪ್ರೋಟೀನ್ ಗಂಟಿನಲ್ಲಿ ಸಿಕ್ಕಿಕೊಂಡರೆ ಸೈನಾಪ್ಸ್‌ನಲ್ಲಿ ಕೆಲಸ ಮಾಡುವ ಒಳ್ಳೆಯ ಪ್ರೋಟೀನ್ ಕಡಿಮೆಯಾಗುತ್ತದೆ, ನಿಜವಾದ ನಷ್ಟ ಅದೇ ಎಂದು. ಹಾಗಿದ್ದರೆ ಗಂಟು ಕರಗಿಸಿ ಲಾಭವಿಲ್ಲ.

ನನ್ನ ಓದಿನಲ್ಲಿ, ಇಲ್ಲಿ ಜಗಳ ಬಗೆಹರಿಯದಿರುವುದಕ್ಕೆ ಮುಖ್ಯ ಕಾರಣ ನಾವು ಹಲವು ಕಾಯಿಲೆಗಳಿಗೆ ಒಂದೇ ಹೆಸರು ಇಟ್ಟಿರುವುದು. ಪಾರ್ಕಿನ್ ಜೀನ್ ಕೆಟ್ಟ ಮೂವತ್ತರ ವ್ಯಕ್ತಿ, ವಾಸನೆ ಕಳೆದುಕೊಂಡು ಹತ್ತು ವರ್ಷಕ್ಕೆ ನಡುಕ ಬಂದ ಎಪ್ಪತ್ತರ ಅಜ್ಜಿ, ಇಬ್ಬರೂ ಒಂದೇ ಪ್ರಯೋಗದಲ್ಲಿ ಒಂದೇ ಔಷಧ ತೆಗೆದುಕೊಂಡರೆ ಫಲಿತಾಂಶ ಮಸುಕಾಗದೆ ಇರುತ್ತದೆಯೇ?

ಈಗ ಆ ಸುದ್ದಿಗಳಿಗೆ ಬರೋಣ

ಪ್ರಾಸಿನೆಜುಮ್ಯಾಬ್ ಒಂದು ಪ್ರತಿಕಾಯ. ಕೋಶದಿಂದ ಹೊರಬಿದ್ದು ಇನ್ನೊಂದು ಕೋಶಕ್ಕೆ ಹೋಗುವ ಸೈನ್ಯೂಕ್ಲಿನ್ ಗಂಟನ್ನು ದಾರಿಯಲ್ಲೇ ಹಿಡಿಯುವುದು ಅದರ ಕೆಲಸ. ಕೋಶದೊಳಗೆ ಆಗಲೇ ಇರುವ ಗಂಟಿಗೆ ಅದು ನೇರವಾಗಿ ಏನೂ ಮಾಡಲಾರದು. ಇದೇ ಬಗೆಯ ಸಿನ್ಪಾನೆಮ್ಯಾಬ್ ಸೋತು ನಿಂತುಹೋಯಿತು. ಪ್ರಾಸಿನೆಜುಮ್ಯಾಬ್ ಕೂಡ 316 ಜನರ ಮೊದಲ ಪ್ರಯೋಗದಲ್ಲಿ ಮುಖ್ಯ ಗುರಿ ಮುಟ್ಟಲಿಲ್ಲ. ಎರಡೂ ಫಲಿತಾಂಶ 2022ರಲ್ಲಿ ಪ್ರಕಟವಾದವು. ಆಮೇಲೆ ನಡೆದದ್ದು 586 ಜನರ ಪ್ರಯೋಗ. ಅದರಲ್ಲಿ ಚಲನೆ ಗಮನಾರ್ಹವಾಗಿ ಹದಗೆಡುವ ಅಪಾಯ ಔಷಧ ಪಡೆದವರಲ್ಲಿ ಶೇ. 16ರಷ್ಟು ಕಡಿಮೆ ಕಂಡಿತು. ಔಷಧದಿಂದ ಏನೂ ಆಗದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಬರುವ ಸಾಧ್ಯತೆ ನೂರಕ್ಕೆ 5ಕ್ಕಿಂತ ಕಡಿಮೆ ಇರಬೇಕು ಎಂಬುದು ರೂಢಿ. ಇಲ್ಲಿ ಅದು ಸುಮಾರು 6.6 ಇತ್ತು. ಹೀಗಾಗಿ ಗುರಿ ತಪ್ಪಿತು. ಆದರೆ ಕೂದಲೆಳೆಯಲ್ಲಿ ತಪ್ಪಿತು. ಆಗಲೇ ಲೆವೊಡೋಪಾ ತೆಗೆದುಕೊಳ್ಳುತ್ತಿದ್ದವರಲ್ಲಿ ಲಾಭ ಸ್ವಲ್ಪ ಹೆಚ್ಚು ಕಂಡಿತು. ಕಂಪನಿ ಮುಂದುವರಿದದ್ದು ಈ ಆಧಾರದ ಮೇಲೆ.

ಇದನ್ನು ಗೆಲುವು ಎನ್ನಲಾಗದು. ಉಪಗುಂಪಿನಲ್ಲಿ ಕಂಡ ಲಾಭ ಆಮೇಲೆ ಮಾಯವಾದ ಉದಾಹರಣೆ ಬೇಕಾದಷ್ಟಿವೆ. ಎಕ್ಸೆನಟೈಡ್ ಅಂಥದ್ದೇ ಪಾಠ. 2017ರಲ್ಲಿ 62 ಜನರಲ್ಲಿ ಲಾಭ ಕಂಡಿತ್ತು. 194 ಜನರಿಗೆ 96 ವಾರ ಕೊಟ್ಟು ನೋಡಿದಾಗ ಏನೂ ವ್ಯತ್ಯಾಸ ಇರಲಿಲ್ಲ. ಅದೇ ಜಾತಿಯ ಲಿಕ್ಸಿಸೆನಟೈಡ್ 2024ರಲ್ಲಿ 156 ಜನರ ಪ್ರಯೋಗದಲ್ಲಿ ಸಣ್ಣ ಲಾಭ ತೋರಿಸಿತ್ತು, ಜೊತೆಗೆ ಅರ್ಧದಷ್ಟು ಜನಕ್ಕೆ ವಾಕರಿಕೆ. ಸಣ್ಣ ಪ್ರಯೋಗದ ಸುದ್ದಿ ಓದಿದ ತಕ್ಷಣ ಅಪ್ಪನಿಗೋ ಅತ್ತೆಗೋ ಸಕ್ಕರೆ ಕಾಯಿಲೆಯ ಚುಚ್ಚುಮದ್ದು ಕೊಡಿಸಲು ಹೊರಡಬಾರದು ಎನ್ನುವುದು ಇದಕ್ಕೇ. ತೂಕ ಇಳಿಯುತ್ತಿರುವ ಪಾರ್ಕಿನ್ಸನ್ ರೋಗಿಗೆ ಅದು ಇನ್ನಷ್ಟು ತೂಕ ಇಳಿಸುತ್ತದೆ.

ಕೋಶ ಕಸಿ ಬೇರೆಯೇ ದಾರಿ. ಕ್ಯೋಟೊ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ 7 ಜನರಿಗೆ, ಉತ್ತರ ಅಮೆರಿಕದ್ದರಲ್ಲಿ 12 ಜನರಿಗೆ ಕಸಿಯಾಯಿತು. ಕ್ಯೋಟೊದಲ್ಲಿ ಪರಿಣಾಮ ಅಳೆದ 6 ಜನರಲ್ಲಿ 4 ಜನರಿಗೆ ಮಾತ್ರೆ ಇಲ್ಲದ ಹೊತ್ತಿನಲ್ಲೂ ಚಲನೆ ಸುಧಾರಿಸಿತು. ಹೋಲಿಸಲು ಕಸಿ ಮಾಡದ ಗುಂಪು ಇರಲಿಲ್ಲ. ಬರೀ ನಿರೀಕ್ಷೆಯಿಂದಲೇ ಡೋಪಮೈನ್ ಏರುವ ಕಾಯಿಲೆ ಇದು, ಹಾಗಾಗಿ ಆ ಹೋಲಿಕೆ ತುಂಬಾ ಮುಖ್ಯ. ಇನ್ನೊಂದು ಮಾತು. ಹೊಸ ಕೋಶಗಳು ಡೋಪಮೈನ್ ಕೊಡುತ್ತವೆ, ಟ್ಯಾಂಕರ್ ಬದಲು ಪುಟ್ಟ ಕೆರೆಯನ್ನೇ ಕಟ್ಟಿದಂತೆ. ಹೆಪ್ಪು ಹಾಕುವ ಪ್ರೋಟೀನ್ ಮಾತ್ರ ಇನ್ನೂ ಅಲ್ಲೇ ಇದೆ. ಮಲಬದ್ಧತೆ, ಮರೆವು, ನಿಂತಾಗ ರಕ್ತದೊತ್ತಡ ಬೀಳುವುದು ಇವೆಲ್ಲ ಈ ಕಸಿಯಿಂದ ಸರಿಯಾಗುವುದಿಲ್ಲ. ಅವು ಮಿದುಳಿನ, ದೇಹದ ಬೇರೆ ಭಾಗಗಳಿಗೆ ಸೇರಿದವು.

ಲಕ್ಷಣಕ್ಕೂ ಮೊದಲೇ ಹಿಡಿಯುವ ಪರೀಕ್ಷೆ

ಮಾತು ಕೆಡುವುದು ಮೊದಲು, ಕೋಶ ಸಾಯುವುದು ಆಮೇಲೆ ಎಂದಾದರೆ ಔಷಧವನ್ನೂ ಬೇಗ ಕೊಡಬೇಕು. ಅದಕ್ಕೆ ಕಾಯಿಲೆಯನ್ನು ಬೇಗ ಹಿಡಿಯಬೇಕು. 2023ರಲ್ಲಿ 1123 ಜನರ ಅಧ್ಯಯನ ಅಂಥ ಪರೀಕ್ಷೆಯೊಂದನ್ನು ಮುಂದಿಟ್ಟಿತು. ಬೆನ್ನುಹುರಿಯ ಸುತ್ತಲಿನ ದ್ರವವನ್ನು ಸ್ವಲ್ಪ ತೆಗೆದು, ಒಳ್ಳೆಯ ಸೈನ್ಯೂಕ್ಲಿನ್‌ಗೆ ಬೆರೆಸಿ ಕಾಯುವುದು. ಅದು ಹೆಪ್ಪಾದರೆ ದ್ರವದಲ್ಲಿ ಕೆಟ್ಟ ಪ್ರೋಟೀನ್ ಇತ್ತು ಎಂದರ್ಥ. ಪಾರ್ಕಿನ್ಸನ್ ಇದ್ದವರಲ್ಲಿ ಸುಮಾರು ಶೇ. 88 ಜನರಲ್ಲಿ ಹೆಪ್ಪಾಯಿತು. ಎಲ್‌ಆರ್‌ಆರ್‌ಕೆ2 ಜೀನ್ ಬದಲಾವಣೆಯಿಂದ ಕಾಯಿಲೆ ಬಂದವರಲ್ಲಿ ಶೇ. 67ರಷ್ಟು ಮಾತ್ರ.

ಇದರ ಆಧಾರದ ಮೇಲೆ 2024ರಲ್ಲಿ ಎರಡು ತಂಡಗಳು, ಪಾರ್ಕಿನ್ಸನ್ ಅನ್ನು ಲಕ್ಷಣದ ಬದಲು ಜೈವಿಕ ಗುರುತಿನಿಂದ ವ್ಯಾಖ್ಯಾನಿಸಬೇಕು ಎಂದು ಪ್ರಸ್ತಾಪಿಸಿದವು. ಸದ್ಯಕ್ಕೆ ಅದು ಸಂಶೋಧನೆಗೆ ಮಾತ್ರ ಎಂದೂ ಹೇಳಿದವು. ಸರಿಯಾದ ಜನರನ್ನು ಸರಿಯಾದ ಹೊತ್ತಿಗೆ ಪ್ರಯೋಗಕ್ಕೆ ಸೇರಿಸಬಹುದು ಎಂಬುದು ಲಾಭ. ಆದರೆ ಗಂಟಿಲ್ಲದೆ ಕಾಯಿಲೆ ಬಂದ ರೋಗಿಗೆ ನಿಮ್ಮದು ಬೇರೆ ಕಾಯಿಲೆ ಎನ್ನುವುದೇ? ಗಂಟಿದ್ದೂ ಆರಾಮಾಗಿರುವವರಿಗೆ ನಿಮಗೆ ಕಾಯಿಲೆ ಇದೆ ಎನ್ನುವುದೇ? ತಡೆಯುವ ಔಷಧ ಇಲ್ಲದಿರುವಾಗ ಆ ಮಾತು ಕೇಳಿದವರ ಗತಿ ಏನು? ಕನಸಿನಲ್ಲಿ ಕೈಕಾಲು ಬೀಸುವವರ ದೊಡ್ಡ ಅಧ್ಯಯನವೊಂದರಲ್ಲಿ ಹನ್ನೆರಡು ವರ್ಷಕ್ಕೆ ಸುಮಾರು ಮುಕ್ಕಾಲು ಪಾಲು ಜನರಿಗೆ ಪಾರ್ಕಿನ್ಸನ್ ಅಥವಾ ಅದಕ್ಕೆ ಹತ್ತಿರದ ಕಾಯಿಲೆ ಬಂತು. ಇಂಥವರಿಗೆ ತಿಳಿಯುವ ಹಕ್ಕಿದೆ. ತಿಳಿಯದೆ ಇರುವ ಹಕ್ಕೂ ಇದೆ ಅಲ್ವಾ? ಸಮಾಲೋಚನೆಯ ವ್ಯವಸ್ಥೆ ಇಲ್ಲದೆ ಇಂಥ ಪರೀಕ್ಷೆ ಲ್ಯಾಬ್‌ಗಳಿಗೆ ಇಳಿಯಬಾರದು ಎಂದೇ ನನ್ನ ಅನಿಸಿಕೆ.

ನಮ್ಮವರಿಗೆ ಇದರಲ್ಲಿ ಎಷ್ಟು ಹೊಂದುತ್ತದೆ?

ಈ ಜೀನ್‌ಗಳ ತಿಳಿವಳಿಕೆಯ ದೊಡ್ಡ ಪಾಲು ಯುರೋಪ್ ಮೂಲದವರಿಂದ ಬಂದದ್ದು. 2023ರಲ್ಲಿ ಆಫ್ರಿಕಾ ಮೂಲದವರನ್ನು, ಮುಖ್ಯವಾಗಿ ನೈಜೀರಿಯಾದವರನ್ನು, ಪರೀಕ್ಷಿಸಿದಾಗ ಜಿಬಿಎ1 ಜೀನ್‌ನಲ್ಲಿ ಯುರೋಪಿನವರಲ್ಲಿ ಹೆಚ್ಚುಕಡಿಮೆ ಕಾಣದ ಒಂದು ಬದಲಾವಣೆ ಸಿಕ್ಕಿತು. ಪಶ್ಚಿಮದಲ್ಲಿ ಹೆಸರಾದ ಎಲ್‌ಆರ್‌ಆರ್‌ಕೆ2 ಬದಲಾವಣೆ ಭಾರತೀಯ ರೋಗಿಗಳಲ್ಲಿ ತೀರಾ ಅಪರೂಪ. ಅಂದರೆ ಆ ಬದಲಾವಣೆಯನ್ನೇ ಗುರಿಯಾಗಿಟ್ಟ ಔಷಧ ನಾಳೆ ಗೆದ್ದರೂ ಅದರಿಂದ ಇಲ್ಲಿ ಲಾಭವಾಗುವವರು ಕಡಿಮೆ ಇರಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು 2009ರಲ್ಲಿ ಒಂದು ಕುತೂಹಲದ ವಿಷಯ ಪ್ರಕಟಿಸಿದರು. ಭಾರತೀಯರ ಮಿದುಳುಗಳಲ್ಲಿ ವಯಸ್ಸಾದಂತೆ ಸಬ್‌ಸ್ಟಾನ್ಷಿಯಾ ನೈಗ್ರಾದ ಡೋಪಮೈನ್ ಕೋಶಗಳು ಗಮನಾರ್ಹವಾಗಿ ಕಡಿಮೆಯಾಗಿರಲಿಲ್ಲ. ಪಾಶ್ಚಾತ್ಯರಲ್ಲಿ ಕಡಿಮೆಯಾಗುತ್ತವೆ ಎಂಬ ವರದಿಗಳಿದ್ದವು. ನಮ್ಮಲ್ಲಿ ಕಾಯಿಲೆಯ ಪ್ರಮಾಣ ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣ ಇರಬಹುದೇ ಎಂದು ಅವರು ಕೇಳಿದರು. ಇಂಥ ಪ್ರಶ್ನೆಗೆ ಉತ್ತರ ಹುಡುಕಲು ಮಿದುಳು ದಾನ ಬೇಕು. ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ಮಿದುಳಿನ ಬ್ಯಾಂಕ್ ಇದೆ. ಕಣ್ಣಿನ ದಾನದ ಬಗ್ಗೆ ಮನೆಗಳಲ್ಲಿ ಮಾತಾಗುತ್ತದೆ, ಮಿದುಳಿನ ದಾನದ ಬಗ್ಗೆ ಆಗುವುದು ಅಪರೂಪ.

ಇನ್ನು ಕೆಮ್ಮಿನ ಸಿರಪ್ ಪಾರ್ಕಿನ್ಸನ್‌ಗೆ ಔಷಧ ಎಂಬ ಸುದ್ದಿ. ಕಫ ಕರಗಿಸಲು ಕೊಡುವ ಆಂಬ್ರಾಕ್ಸಾಲ್, ಜಿಬಿಎ1ಗೆ ಸಂಬಂಧಿಸಿದ ಆ ಕಸ ತೆಗೆಯುವ ಕಿಣ್ವಕ್ಕೆ ನೆರವಾಗುತ್ತದೆ. 2020ರಲ್ಲಿ 17 ರೋಗಿಗಳ ಸಣ್ಣ ಅಧ್ಯಯನದಲ್ಲಿ ಅದು ಮಿದುಳಿನ ದ್ರವದವರೆಗೂ ತಲುಪಿದ್ದು ಕಂಡಿತು. ಬ್ರಿಟನ್ನಿನಲ್ಲಿ ಮೂರನೇ ಹಂತದ ಪ್ರಯೋಗ 2025ರಲ್ಲಿ ಶುರುವಾಗಿದೆ. 2020ರ ಅಧ್ಯಯನದಲ್ಲಿ ಕೊಟ್ಟದ್ದು ದಿನಕ್ಕೆ 1.26 ಗ್ರಾಂ ತನಕ. ಕೆಮ್ಮಿಗೆ ಕೊಡುವ ಒಂದು ಮಾತ್ರೆಯಲ್ಲಿ ಇರುವುದು 30 ಮಿಲಿಗ್ರಾಂ. ಮೆಡಿಕಲ್ ಶಾಪಿನಿಂದ ಸಿರಪ್ ತಂದು ಕುಡಿಸಿ ಆ ಪ್ರಮಾಣ ಮುಟ್ಟಿಸಲು ಹೋದರೆ ಅದರ ಜೊತೆಗಿರುವ ಬೇರೆ ಔಷಧಗಳೂ ಅಷ್ಟೇ ಪಟ್ಟು ಹೊಟ್ಟೆಗೆ ಸೇರುತ್ತವೆ. ಆ ಪ್ರಯೋಗದ ಉತ್ತರ ಬರಲು ಇನ್ನೂ ವರ್ಷಗಳಿವೆ. ಅಲ್ಲಿಯ ತನಕ ಹೊತ್ತಿಗೆ ಸರಿಯಾಗಿ ಲೆವೊಡೋಪಾ, ದಿನವೂ ನಡಿಗೆ ಮತ್ತು ವ್ಯಾಯಾಮ, ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲು ಒಂದು ಗಟ್ಟಿ ಕಂಬಿ.